ಬಿಸಿಲಿಗೆ ಹಿಡಿ

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗಲೆಲ್ಲ
ನಮ್ಮ ಸ್ಟುಡಿಯೋದ ತುಂಬ ಹಾರ್ನು.
ಆ ಗದ್ದಲದಲ್ಲೇ ಒಳಗೆ ಬಂದರು ಯಮುನಾಬಾಯಿ ಸುಲಾಖೆ,
ಕೈಯಲ್ಲಿ ಬಟ್ಟೆಯಂಗಡಿಯ ಹಳೇ ಕವರು,
ಕವರಿನಲ್ಲಿ ಗಂಡನ ಅಂಗಿ, ಇಸ್ತ್ರಿ ಮಾಡಿದ್ದು.

ಫೋಟೋ ಹಿಂದಿನ ದಿನವೇ ಕೊಟ್ಟು ಹೋಗಿದ್ದರು:
ಯಾರದೋ ತೊಟ್ಟಿಲ ಶಾಸ್ತ್ರ, ಹದಿನಾಲ್ಕು ಜನ,
ಮೂಲೆಯಲ್ಲಿ ಇವರು, ಬಾಯಲ್ಲಿ ಅರ್ಧ ಪೇಡೆ.
ಹದಿಮೂರು ಜನರನ್ನು ಅಳಿಸಿದ್ದೆ.
ಹೆಗಲ ಮೇಲಿದ್ದ ಯಾರದೋ ಕೈ ತೆಗೆದು
ಆ ಜಾಗಕ್ಕೆ ಅದೇ ಅಂಗಿಯ ಬಟ್ಟೆ ನಕಲು ಮಾಡಿ ತುಂಬಿದ್ದೆ.
ಪೇಡೆ ಮಾತ್ರ ಹಾಗೇ ಬಿಟ್ಟೆ. ಕೆನ್ನೆ ಉಬ್ಬಿದ್ದರೆ
ಮನುಷ್ಯ ಚೆನ್ನಾಗಿ ಕಾಣುತ್ತಾನೆ.

"ಮುಖ ಸರಿ ಐತಿ," ಅಂದರು.
"ಅಂಗಿ ಯಾರ್ದು ಇದು?"

ಕವರು ಬಿಚ್ಚಿ ಕೀಬೋರ್ಡಿನ ಮೇಲೇ ಹರಡಿದರು.
ಪರದೆಯೊಳಗೆ ಬರೀ ನೀಲಿ. ಹೊರಗೆ ಬೇರೇನೋ,
ರಾಮಾ ಹಸಿರಿನಿಂದ ಹೊರಟು
ನವಿಲಿನ ಕುತ್ತಿಗೆಗೆ ಇನ್ನೂ ತಲುಪದ ಒಂದು ಬಣ್ಣ.
ಪರದೆಯನ್ನು ಹಿಂದಕ್ಕೆ ಬಾಗಿಸಿದೆ, ತೊಳೆದು ತೊಳೆದು ಬೆಳ್ಳಗಾಯಿತು.
ಮುಂದಕ್ಕೆ ತಂದೆ, ಮಸಿ.
ಬೆಳಕು ಏರಿಸಿದೆ, ಇಳಿಸಿದೆ, ಹಳದಿ ಸುರಿದೆ,
ಮಿರ್ಚಿ ತಿಂದ ಬೆರಳಿನ ಗುರುತನ್ನೂ ಒರೆಸಿ ನೋಡಿದೆ.
ಇಪ್ಪತ್ತೆಂಟು ಸಾವಿರದ ಲ್ಯಾಪ್‌ಟಾಪು, ಇನ್ನೂ ಆರು ಕಂತು ಬಾಕಿ,
ಲಕ್ಷಗಟ್ಟಲೆ ಬಣ್ಣ ಗೊತ್ತೆಂದು
ಡಬ್ಬದ ಮೇಲೆ ಬರೆದುಕೊಂಡು ಬಂದಿತ್ತು.
ಇದೊಂದು ಗೊತ್ತಿರಲಿಲ್ಲ.

"ಮಿಲ್ಲಿನ ಬಣ್ಣದ ಖಾತೇಲಿ ಇದ್ದೋರಪ್ಪ ನಮ್ಮೋರು.
ಮಿಲ್ಲು ಮುಚ್ಚಿದ ಮ್ಯಾಲೂ ಸೀರೆ ಅಂಗಡಿಯೋರು ಕರೆಸಿ ಕೇಳೋರು,
ಎರಡು ತಾನು ಒಂದೇ ಹೌದೋ ಅಲ್ಲೋ ಅಂತ.
ಟ್ಯೂಬ್‌ಲೈಟಿನ ಕೆಳಗೆ ಒಂದಿನಾನೂ ಹೇಳ್ಲಿಲ್ಲ.
ಬಿಸಿಲಿಗೆ ಹಿಡಿ ಅನ್ನೋರು.
ಹಿಡಿ ನೀನೂ."

ಏನು ಹೇಳಲಿ? ಎತ್ತಿಕೊಂಡು ಹೊರಟೆ.
ಚಾರ್ಜರಿನ ವೈರು ಬಾಗಿಲತನಕ ಹಿಂದೆ ಬಂದು ಕಳಚಿತು.
ಹನ್ನೆರಡೂವರೆ, ಮಾರ್ಚ್ ತಿಂಗಳು.
ಬಿಸಿಲು ಬಿದ್ದದ್ದೇ ತಡ
ಸುಲಾಖೆಯವರು ಇಲ್ಲ. ಕರೀ ಗಾಜು.
ಅದರಲ್ಲಿ ನಾನು, ನನ್ನ ಹಿಂದೆ ಯಮುನಾಬಾಯಿ,
ಅವರ ಹಿಂದೆ ಗೇಟಿಗೆ ಕಾದು ನಿಂತ ಆಟೋಗಳು,
ಒಂದು ಮೆಕ್ಕೆಜೋಳದ ಲಾರಿ.
ಬಗ್ಗಿ ಬಹಳ ಹೊತ್ತು ನೋಡಿದರು.
ಎಲ್ಲಿ ಹೋದರು ಎಂದು ಕೇಳಲಿಲ್ಲ.
"ಬಣ್ಣ ಹಿಡದೇ ಇಲ್ಲಲ್ಲೋ ತಮ್ಮಾ ಇದಕ್ಕ."

ಆಮೇಲೆ ಪರದೆಯನ್ನು ಕೇಳುವುದು ಬಿಟ್ಟೆ.
ಅಂಗಿಯ ತೋಳನ್ನಷ್ಟೇ ಏಳು ಥರ ಮಾಡಿ
ಬೀಡಿಕಟ್ಟಿನಗಲದ ಏಳು ಚೂರು ಪ್ರಿಂಟು ತೆಗೆದೆ.
ಬಾಗಿಲಲ್ಲಿ ನಿಂತಿದ್ದ ಯಾರದೋ ಸ್ಕೂಟರಿನ ಸೀಟಿನ ಮೇಲೆ
ಅಂಗಿ ಹಾಸಿ, ಒಂದೊಂದೇ ಇಟ್ಟು ನೋಡತೊಡಗಿದರು.
ರೈಲು ಹೋಯಿತು, ಗೇಟು ಎದ್ದಿತು.
"ಗಾಡಿ ತೆಗೀಬೇಕ್ರಿ," ಎಂದು ಬಂದ ಸ್ಕೂಟರಿನವ.
"ನಿಂದ್ರಪ್ಪಾ," ಅಂದರು, ತಲೆ ಎತ್ತದೆ.
ಅವನೂ ಬಗ್ಗಿದ. ಆರನೆಯದು ಅಂದ.
ಇವರ ಉಗುರು ನಾಲ್ಕನೆಯದರ ಮೇಲಿತ್ತು.
ನಿಜ, ಚೂರು ಎಲ್ಲಿ ಮುಗಿದು ಬಟ್ಟೆ ಎಲ್ಲಿ ಶುರುವಾಯಿತೋ
ಅಂಚು ಮುಟ್ಟಿ ಹುಡುಕಬೇಕಿತ್ತು.

ಒಳಗೆ ಬಂದು ನಾಲ್ಕನೆಯದರ ಅಂಕಿಗಳನ್ನು ಇಡೀ ಅಂಗಿಗೆ ಕೊಟ್ಟೆ.
ಪರದೆಯ ಮೇಲೆ ಎಂಥ ಕೆಟ್ಟ ಬಣ್ಣ ಅದು,
ಪಾಚಿಗೆ ಸುಣ್ಣ ಕಲಸಿದಂತೆ.
ಕಣ್ಣು ಬೇಡ ಬೇಡ ಅಂದಿತು.
ಸೇವ್ ಒತ್ತಿದೆ.

ಮುನ್ನೂರೈವತ್ತು ಕೊಟ್ಟು, ಗೀರು ತಪ್ಪದಂತೆ ಅಂಗಿ ಮಡಿಚಿ
ಹೋದರು. ಚೌಕಿಪೇಟೆಯ ಅವರ ಗೋಡೆಯ ಮೇಲೆ ಈಗ
ಸುಲಾಖೆಯವರು ಸರಿಯಾದ ಬಣ್ಣದಲ್ಲೇ ಇರಬೇಕು,
ಪೇಡೆ ನುಂಗದೆ.
ನನ್ನ ಹತ್ತಿರ ಉಳಿದವರು
"ಸುಲಾಖೆ ಕೊನೆಯದು ಮೂರು" ಎಂಬ ಹೆಸರಿನವರು,
ಬೇರೆ ಯಾರದೋ ಅಂಗಿ ತೊಟ್ಟವರು.
ಅಳಿಸಿಲ್ಲ.

ಈಗ ಮದುವೆಗಳ ಸೀಸನ್ನು.
ಯಾವುದಾದರೂ ಸೀರೆ ಪರದೆಯಲ್ಲಿ ತೀರಾ ಚೆಂದ ಕಂಡರೆ
ಚೂರು ಪ್ರಿಂಟು ತೆಗೆದು ಬಾಗಿಲತನಕ ಹೋಗಿ ಬರುತ್ತೇನೆ.
ಕಾಗದ ದಂಡ ಅನ್ನುತ್ತಾನೆ ಕೊಟ್ರೇಶಣ್ಣ.
ಹೊರಗೆ ಗೇಟು ಬೀಳುತ್ತದೆ.