ಹದಿನೆಂಟಾಳು ಕೆಳಗೆ

ಬಾವಿಯಿಂದ ಅಪ್ಪ ಮೇಲೆ ಬಂದಾಗ
ಮೊದಲು ಬಂದದ್ದು ಅವನ ಕೈ.
ಕೈಯಲ್ಲೊಂದು ದಾರ, ಅಂದುಕೊಂಡೆ.
"ದಾರವಲ್ಲ ತೆನಿಂಗ್, ಮರ" ಅಂದ.

ಹದಿನೆಂಟಾಳು ಕೆಳಗೆ,
ದೀಪವೂ ಉಸಿರು ಹಿಡಿದು ಉರಿಯುವಲ್ಲಿ,
ಸುಣ್ಣಕಲ್ಲಿನ ಸೀಳಿನಲ್ಲಿ ಸಿಕ್ಕಿದ್ದಂತೆ.
ಹತ್ತಿರದಲ್ಲಿರುವುದು ಒಂದೇ ಸಾಸ್ ಮರ,
ಕೋದು ಅಜ್ಜಿಯ ಸಜ್ಜೆ ಹೊಲದ ನಡುವೆ:
ಮಳೆಗಾಲದಲ್ಲಿ ಬೋಳು,
ನಮ್ಮ ಸಿನ್ ಸೀಮೆಯೆಲ್ಲ ಬೂದಿಯಾದಾಗ ಹಸಿರು.
ತಿಕ್ಕಲು ಮರ ಅನ್ನುತ್ತಿದ್ದೆವು.
ಅದರ ಲೆಕ್ಕಪುಸ್ತಕ ಇಷ್ಟು ಕೆಳಗಿತ್ತು.

"ಕಡಿ, ಜೇಗಾನ್! ಹಾರೆ ಇಲ್ಲವೇ?"
ಹಗ್ಗ ಹಿಡಿದವರು ಮೇಲಿನಿಂದ ಕೂಗಿದರಂತೆ.
ಅವನು ಕಡಿಯಲಿಲ್ಲ.
ತಾನಾಗಿ ಮುರಿದ ಒಂದು ಗೇಣನ್ನಷ್ಟೇ ತಂದ,
ಉಳಿದದ್ದಕ್ಕೆ ಒದ್ದೆ ಗೋಣಿ ಸುತ್ತಿ
ಬಾವಿಯ ದುಂಡನ್ನೇ ಒಂದು ಕಡೆ ಉಬ್ಬಿಸಿದ.
ಮೂವತ್ತು ವರ್ಷದಲ್ಲಿ ಅವನು ತೋಡಿದ
ಒಂದೇ ಸೊಟ್ಟ ಬಾವಿ.

ತಿಯೆಸ್ ಪಟ್ಟಣದ ಪ್ರಯೋಗಶಾಲೆಯಲ್ಲಿ
ಕ್ಷೌರದ ಬ್ಲೇಡು ಹಿಡಿದು ಕೂತೆ.
ತುದಿಗೊಂದು ಟೊಪ್ಪಿಯಿತ್ತು ಬೇರಿಗೆ,
ಕಲ್ಲುಮಣ್ಣಿಗೆ ಸವೆದಷ್ಟೂ
ಒಳಗಿನಿಂದ ಹೊಸದು ಹೊಲಿದುಕೊಳ್ಳುವ ಟೊಪ್ಪಿ.
(ಅಪ್ಪನದು ತಗಡಿನದು. ಅದೇ ಹಳೆಯದು.)
ಟೊಪ್ಪಿಯಿಂದ ತುಸು ಹಿಂದೆ, ಅಡ್ಡಡ್ಡ,
ಈರುಳ್ಳಿಯ ಪೊರೆಗಿಂತ ತೆಳ್ಳಗೆ ಕೊಯ್ದೆ.
ಐದು ಹಾಳಾದವು.
ಆರನೆಯದು ಗಾಜಿನ ಮೇಲೆ ಕೂತಿತು.
ಒಂದು ಹನಿ ಕೆಂಪು ಬಣ್ಣ. ಕಣ್ಣಿಟ್ಟೆ.

ಹೊರಗೆ ತೆಳು ಚರ್ಮ.
ಆಮೇಲೆ ಸಡಿಲ ಕಣಗಳ ಬಯಲು,
ನೀರು ಸಂದಿಗೊಂದಿಗಳಲ್ಲಿ ಅಲೆಯುತ್ತ ಬರಬಹುದು,
ಯಾರೂ ಕೇಳುವುದಿಲ್ಲ.
ಆಮೇಲೊಂದು ಸುಂಕದಕಟ್ಟೆ:
ಒತ್ತೊತ್ತಾಗಿ ನಿಂತ ಕಣಗಳು, ನಡುವೆ ಮೇಣದ ಪಟ್ಟಿ.
ಇನ್ನು ಸಂದಿಯಿಲ್ಲ.
ಬರುವುದಾದರೆ ನಮ್ಮ ಮೈಯೊಳಗೆ ಹಾದು ಬಾ,
ಏನು ಹೊತ್ತಿದ್ದೀಯ ತೋರಿಸು.
ಅದರಾಚೆ ನೀರಿನ ಕೊಳವೆಗಳು,
ನಾಲ್ಕು ಮೊನೆಯ ನಕ್ಷತ್ರವಾಗಿ.

ಒಂದು ಮೊನೆಯ ನೇರಕ್ಕೆ, ಕಟ್ಟೆಯ ಒಳಮಗ್ಗುಲಲ್ಲಿ
ಏನೋ ಉಬ್ಬಿತ್ತು.

ಕೊಂಬೆ ಹುಟ್ಟುವುದು ಎಲೆಯ ಕಂಕುಳಲ್ಲಿ,
ಬೆಳಕಿನಲ್ಲಿ, ಹಕ್ಕಿಗಳ ಸಾಕ್ಷಿಯಲ್ಲಿ.
ಬೇರು ಬೇರೆಯಾಗುವ ರೀತಿಯೇ ಬೇರೆ.
ತಾಯಿಯ ನಡುಮೈಯಲ್ಲಿ ಸುಮ್ಮನಿದ್ದ ಕೆಲವು ಕಣಗಳು
ಒಂದು ದಿನ ಇಬ್ಬಾಗವಾಗಿ, ಮತ್ತೆ ಇಬ್ಬಾಗವಾಗಿ,
ಮೊಳಕೆಯ ಮೂತಿ ಮಾಡಿಕೊಂಡು
ಕಟ್ಟೆ ದಾಟಿ, ಬಯಲು ದಾಟಿ, ಚರ್ಮ ಸೀಳಿ
ಮಣ್ಣಿಗೆ ಬೀಳುತ್ತವೆ.
ದಾರಿಯ ಕಣಗಳು ತಡೆಯುವುದಿಲ್ಲ.
ನೀರು ಬಿಟ್ಟುಕೊಟ್ಟು ಸೊರಗಿ
ಜಾಗ ಮಾಡಿಕೊಡುತ್ತವೆ.

ಇದು ಇನ್ನೂ ಹೊರಟಿರಲಿಲ್ಲ.
ಅರ್ಧ ಬಯಲು ದಾಟಿತ್ತು.
ಯಾವ ಕಡೆ ನೀರೆಂದು ಊಹಿಸಿತ್ತೋ,
ಕೇಳುವುದಕ್ಕೆ ನಾನೇ ಅದನ್ನು ಕೊಯ್ದಿದ್ದೆ.

ಕಂಡದ್ದನ್ನು ಪೆನ್ಸಿಲಿನಲ್ಲಿ ಬರೆದು
ಊರಿಗೊಯ್ದೆ. ಅಪ್ಪ ಕನ್ನಡಕವಿಲ್ಲದೆ
ಕಾಗದವನ್ನು ದೂರ ಹಿಡಿದು, ತಿರುಗಿಸಿ,
ಉಂಗುರದೊಳಗಿನ ಉಂಗುರ ನೋಡಿ ನಕ್ಕ:
"ನನ್ನ ಬಾವಿಯನ್ನು ಯಾಕೆ ಬರೆದೆ?"
ಉಬ್ಬಿದಲ್ಲಿ ಬೆರಳಿಟ್ಟ,
"ಇಲ್ಲಿ ನೋಡು, ಇಲ್ಲೇ ಬಿಟ್ಟುಕೊಟ್ಟದ್ದು."

ಬಾವಿಯಲ್ಲಿ ನೀರು ಬಂದಿದೆ, ತುಸು ಉಪ್ಪು.
ಬಕೆಟ್ಟು ಏರುವಾಗ ಸೊಟ್ಟಗೋಡೆಗೊಮ್ಮೆ ತಾಗಿ
ಒಂದು ಬೊಗಸೆ ತುಳುಕುತ್ತದೆ.
ಹಾಳು ಬಾವಿ, ಎಂದು ದಿನಾ ಬೈಯುವವಳು
ಕೋದು ಅಜ್ಜಿಯೇ.