ಉಲ್ಟಾ ಪೆಡಲ್

ಕೌಲ್ ಬಜಾರಿನ ನಮ್ಮ ಪ್ರಾರ್ಥನಾ ಮಂದಿರದಲ್ಲಿ
ಒಂದು ಹಳೇ ಸಿಂಥಸೈಜರ್ ಇದೆ.
ಬಲಗಡೆ ಕೊನೆಯ ಮೂರು ಮನೆ ನುಡಿಯುವುದಿಲ್ಲ;
ಅಷ್ಟು ಎತ್ತರಕ್ಕೆ ನಮ್ಮ ಹಾಡುಗಳೂ ಹೋಗುವುದಿಲ್ಲ.
ಸಿರುಗುಪ್ಪದ ಆರ್ಕೆಸ್ಟ್ರಾದವರು ಸಾಮಾನು ಮಾರುವಾಗ
ಆರುನೂರು ಕೊಟ್ಟು ಅದಕ್ಕೊಂದು
ಎಕ್ಸ್‌ಪ್ರೆಷನ್ ಪೆಡಲ್ ತಂದೆ.

ನಾನು ಜೀನ್ಸಿಗೆ ಸೈಡು ಹೊಲಿಯುವವಳು.
ಉಗುರಿನ ಸಂದಿಯ ನೀಲಿ ಭಾನುವಾರವೂ ಹೋಗದು.
ನನ್ನ ಬಲಗಾಲಿಗೆ ಬರುತ್ತಿದ್ದುದು ಎರಡೇ ಮಾತು:
ಮುಂಗಾಲಿಗೆ ಭಾರ ಬಿಟ್ಟರೆ, ಓಡು.
ಹಿಮ್ಮಡಿ ಒತ್ತಿದರೆ, ದಾರ ಕತ್ತರಿಸು.
ಇವೆರಡರ ನಡುವೆ ಏನಾದರೂ ಇದ್ದರೆ
ಅಲ್ಲಿ ಸೂಪರ್‌ವೈಸರ್ ಗಾದಿಲಿಂಗ ನಿಂತಿರುತ್ತಾನೆ.

ಈ ಪೆಡಲಿಗೆ ಸ್ಪ್ರಿಂಗ್ ಇಲ್ಲ.
ಬಿಟ್ಟಲ್ಲೇ ನಿಲ್ಲುತ್ತದೆ, ಮುನಿದ ಎಮ್ಮೆ.
ಮನೆಗಳ ಮೇಲೆ ಬೆರಳೂರಿ ಆಯಿತು, ಕೈಯ ಕೆಲಸ ಮುಗಿಯಿತು;
ಆಮೇಲೂ ಪಿಟೀಲು ಬೆಳೆಯಬೇಕು, ಬಾಡಬೇಕು,
ಎಷ್ಟು ಎಂಬುದು ಪಾದಕ್ಕೆ ಗೊತ್ತಿರಬೇಕು.

ಮೊದಲ ಭಾನುವಾರ ದನಿ ಏರಲಿ ಎಂದು
ಮುಂಗಾಲು ಒತ್ತಿದೆ. ಪೂರ್ತಿ ನಿಶ್ಶಬ್ದ.
"ಕರೆಂಟ್ ಹೋತೇನು ಸುವಾರ್ತಾ?" ಸಮಾಧಾನಪ್ಪನವರು ಕೇಳಿದರು.
ಗಾಬರಿಗೆ ಹಿಮ್ಮಡಿ ಊರಿದೆ,
ಅದಿರು ಲಾರಿಯ ಹಾರ್ನಿನಂತೆ ಬಂತು ನೋಡಿ,
ಹಿಂದಿನ ಸಾಲಿನ ಕೂಸುಗಳೆಲ್ಲ ಎದ್ದವು.

ಮೊಬೈಲ್ ರಿಪೇರಿ ದಸ್ತಗಿರಿ
ಪ್ಲಗ್ಗನ್ನು ಬೆಳಕಿಗೆ ಹಿಡಿದು ಹೇಳಿದ:
"ಇದರ ಮೂತಿಗೆ ಮೂರು ಪಟ್ಟಿ ಐತಕ್ಕಾ.
ಒಂದು ಕಂಪನಿಗೆ ತುದಿ ಆದದ್ದು ಇನ್ನೊಂದಕ್ಕೆ ನಡು.
ಬೀಗರ ಮನಿ ಪದ್ಧತಿ ಇದ್ದಂಗ.
ಎರಡು ತಂತಿ ಅದಲುಬದಲು ಮಾಡಿದ್ರ ಮುಗೀತು.
ಆದ್ರ ಬೆಸುಗಿ ಸೀಸ ಮುಗದೈತಿ, ಮುಂದಿನ ವಾರ ಬಾ."

ಅವನ ಮುಂದಿನ ವಾರ ಆರು ವಾರ ಬರಲಿಲ್ಲ.
ಅಷ್ಟರಲ್ಲಿ ಶುಭ ಶುಕ್ರವಾರ ಬಂತು.

ಹನ್ನೆರಡರಿಂದ ಮೂರು. ತಗಡಿನ ಮಾಡು.
ಏಳು ಮಾತುಗಳಲ್ಲಿ ಐದನೆಯದು ನೀರಡಿಕೆಯದು;
ಬಳ್ಳಾರಿಯಲ್ಲಿ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.
ಕೇಳುತ್ತ ಕೇಳುತ್ತ ಮುಂದಕ್ಕೆ ಬಾಗಿದ್ದೆ,
ಮೈಭಾರವೆಲ್ಲ ಬೆರಳ ತುದಿಗೆ ಇಳಿದು
ದನಿ ಸಣ್ಣಗೆ, ಇನ್ನೂ ಸಣ್ಣಗೆ,
ಫ್ಯಾನಿನ ಕಿರುಕಿಗಿಂತ ಕೆಳಗೆ ಹೋಯಿತು.
ಯಾರೋ ಬಾಟಲಿಯ ಮುಚ್ಚಳಕ್ಕೆ ಕೈ ಹಾಕಿ
ತೆಗೆಯದೆ ಬಿಟ್ಟದ್ದು ಕೇಳಿಸಿತು.

ಆಮೇಲೆ ನನ್ನ ಬೆನ್ನು ನೊಂದಿತು. ಅಷ್ಟೇ.
ಹನ್ನೊಂದು ವರ್ಷ ಮಷಿನ್ನಿನ ಮೇಲೆ ಬಗ್ಗಿದ ಬೆನ್ನು.
ಹಿಂದಕ್ಕೆ ಒರಗಿದೆ, ಹಿಮ್ಮಡಿ ತಾನಾಗಿ ನೆಲ ಹುಡುಕಿತು,
ಪಿಟೀಲುಗಳು ಎದ್ದು ಬಂದವು
ಬಾವಿಯಿಂದ ತುಂಬಿದ ಕೊಡ ಬಂದಂತೆ,
ಅಲುಗುತ್ತ, ಅಂಚಿಗೆ ತುಳುಕುತ್ತ.
ನಾನು ಒತ್ತಿರಲಿಲ್ಲ.
ಸುಧಾರಿಸಿಕೊಂಡಿದ್ದೆ.
ಸಮಾಧಾನಪ್ಪನವರು ಆರನೆಯ ಮಾತಿಗೆ
ಪುಟ ತಿರುಗಿಸಲು ತುಸು ತಡಮಾಡಿದರು.

ಶನಿವಾರ ದಸ್ತಗಿರಿಗೆ ಸೀಸ ಸಿಕ್ಕಿತು.
ತಾನೇ ಬಂದು ಸರಿಮಾಡಿ ಹೋದ.
ದುಡ್ಡು ಬೇಡವೆಂದ: "ದೇವರ ಕೆಲಸ ಅಕ್ಕಾ."
ಈಸ್ಟರಿಗೆ ಮುಂಗಾಲು ಒತ್ತಿದರೆ ಜೋರು,
ಕಂಪನಿ ಹೇಳಿದ ಹಾಗೆ.
ಹಾಡಿಗೆ ಹಾಡೇ ಸೈಡು ಹೊಲಿದಂತೆ ಓಡಿತು,
ಪೀಸಿಗೆ ಪೀಸು.

ಮಂಗಳವಾರ ಅವನ ಅಂಗಡಿಗೆ ಹೋದೆ.
"ಮತ್ತ ಉಲ್ಟಾ ಮಾಡಿಕೊಡು."
ಕನ್ನಡಕ ತೆಗೆದು ನನ್ನನ್ನೇ ನೋಡಿದ.
"ಹಂಗಾದ್ರ ಇಪ್ಪತ್ತು ರೂಪಾಯಿ.
ಸರಿ ಇದ್ದದ್ದನ್ನ ಕೆಡಿಸೋದು ದೇವರ ಕೆಲಸ ಅಲ್ಲ."

ಇವತ್ತು ಬೆಳಿಗ್ಗೆ, ಮೂವತ್ತಾರರ ಸೈಜು, ಉದ್ದನೆಯ ಹೊಲಿಗೆ.
ಕಿಟಕಿಯಲ್ಲಿ ಬೆಟ್ಟದ ಬಂಡೆ ಆಗಲೇ ಕಾದಿತ್ತು.
ಅಕ್ಕಪಕ್ಕದ ಮೂವತ್ತು ಮೋಟರುಗಳ ಗುಂಯ್
ಹೆಚ್ಚೂಕಡಿಮೆ ಕರಿ ಎರಡರಲ್ಲಿ ಹಿಡಿದಿತ್ತು.
ಬೆನ್ನು ಹಿಂದಕ್ಕೆ ಬಿಟ್ಟು
ಮೆಲ್ಲಗೆ ಹಿಮ್ಮಡಿ ಊರಿದೆ,

ಕಚಕ್.

ತೊಡೆಯ ನಟ್ಟನಡುವೆ ದಾರ ಕತ್ತರಿಸಿ ನಿಂತಿತು.
ಗಾದಿಲಿಂಗ ಬಂದ. "ಏನಾತು?"
"ಏನಿಲ್ಲಣ್ಣ," ಅಂದೆ,
"ಜೋರು ಮಾಡಾಕ ಹೋದೆ."