ನಾಲ್ಕು ಬೆರಳು ಮಡಿಕೆ

ಝುವಾರಿನಗರದ ಕನ್ನಡ ಶಾಲೆಯಲ್ಲಿ
ಪ್ರಾರ್ಥನೆಗೆ ಗಿಡ್ಡರು ಮುಂದೆ, ಉದ್ದರು ಹಿಂದೆ.
ಏಳು ವರ್ಷ ನಾನೇ ಮೊದಲಿಗ.
ನನ್ನ ಕಣ್ಣಿಗೆ ಸರಿಯಾಗಿ ನಾಯ್ಕ ಮಾಸ್ತರರ ಬೆಲ್ಟಿನ ಬಕಲು.

ನನ್ನ ಹಿಂದೆ ಕಸ್ತೂರಿ ಬಿರಾದಾರ,
ಒಂದು ಬೆರಳು ಹೆಚ್ಚು, ಅಷ್ಟೆ.
ಕೈ ಚಾಚಿ ಅಂತರ ಅಳೆಯುವಾಗ
ಅವಳ ಉಗುರು ನನ್ನ ಹೆಗಲಿಗೆ ತಾಗುವುದು;
ಇಬ್ಬರ ಕೈಗೂ ಬಂಗಡೆಯ ವಾಸನೆ.

ಆರನೇತ್ತೆ ಮುಗಿದ ಮೇ ರಜೆ ಕಳೆದು
ಜೂನಿನಲ್ಲಿ ಬಂದವಳನ್ನು ಕಣ್ಣಲ್ಲೇ ಅಳೆದು
ಮಾಸ್ತರರು "ಹಿಂದೆ ಹೋಗು" ಅಂದರು.
ಚೌತಿಯ ಹೊತ್ತಿಗೆ ಮತ್ತೆ ಹಿಂದೆ.
ಬೆಳೆದವರು ಯಾಕೆ ಹಿಂದೆ ಹೋಗಬೇಕು
ಎಂಬ ಲೆಕ್ಕ ನನಗೆ ಬಗೆಹರಿಯಲಿಲ್ಲ.

ಒಂದೇ ಲಂಗ.
ಪ್ರತಿ ಸಲ ಅವಳವ್ವ ಅಂಚು ಬಿಚ್ಚಿ ಒಂದು ಮಡಿಕೆ ಇಳಿಸುವಳು.
ಮಾಸಿದ ನೀಲಿಯ ಕೆಳಗೆ ಮಾಸದ ಪಟ್ಟಿ,
ಅದರ ಕೆಳಗೆ ಇನ್ನೊಂದು, ಇನ್ನೂ ಕಡು.
ಯಾವ ತಿಂಗಳಲ್ಲಿ ಎಷ್ಟು, ಯಾರು ಬೇಕಾದರೂ ಓದಬಹುದಿತ್ತು.
ಅವಳು ಪಾಟಿಚೀಲ ಅಡ್ಡ ಹಿಡಿಯುತ್ತಿದ್ದಳು.
ನನ್ನ ಚಡ್ಡಿಯ ಮಡಿಕೆ ಯಾರೂ ಬಿಚ್ಚಲಿಲ್ಲ;
ಒಳಗಿನ ಬಟ್ಟೆಗೆ ಇನ್ನೂ ಅಂಗಡಿಯ ಬಣ್ಣ.

ವಾಸ್ಕೋ ಬಸ್ಸಿನಲ್ಲಿ "ಫುಡೇಂ ವೊಚ್, ಫುಡೇಂ ವೊಚ್" ಎನ್ನುವ ಕಂಡಕ್ಟರ
ನನಗೆ ಅರ್ಧ ಟಿಕೀಟು ಹರಿದ, ಅವಳಿಗೆ ಪೂರ್ತಿ.
"ನಾ ಇವನಕಿಂತ ಎರಡು ತಿಂಗಳು ಸಣ್ಣಾಕಿ" ಅಂದಳು.
ಬಸ್ಸೆಲ್ಲ ನಕ್ಕಿತು.
ಉಳಿದ ದಾರಿ ತಲೆ ತಗ್ಗಿಸಿಯೇ ನಿಂತಳು,
ಚಾವಣಿ ಅಷ್ಟೇನೂ ತಗ್ಗಾಗಿರಲಿಲ್ಲ.

ಆರೋಗ್ಯ ತಪಾಸಣೆಗೆ ಬಂದ ಸಿಸ್ಟರ್ ಕ್ಲೋತಿಲ್ಡಾ
ಸ್ಕೇಲಿನಿಂದ ತಟ್ಟಿ ನನ್ನ ಹಿಮ್ಮಡಿ ನೆಲಕ್ಕಿಳಿಸಿದಳು,
ಅದೇ ಸ್ಕೇಲಿನಿಂದ ತಟ್ಟಿ ಅವಳ ಬೆನ್ನು ನೆಟ್ಟಗೆ ಮಾಡಿದಳು.
ನೂರಾ ಮೂವತ್ತೊಂದು. ನೂರಾ ಅರವತ್ತನಾಲ್ಕು.
ಇಬ್ಬರಿಗೂ ಕೊಟ್ಟದ್ದು ಅದೇ ಕಬ್ಬಿಣದ ಗುಳಿಗೆ.

ಎಂಟನೇತ್ತೆಯ ದೀಪಾವಳಿಗೆ
ಮೀನು ಪ್ಯಾಕ್ ಮಾಡುವ ಕಂಪನಿಯ ಮುಕಾದಮ ಓಣಿಗೆ ಬಂದ.
ಕಾಗದ ಕೇಳಲಿಲ್ಲ.
ಬಾಗಿಲಲ್ಲಿ ನಿಂತವಳ ನೆತ್ತಿ ಚೌಕಟ್ಟಿಗೆ ಎಲ್ಲಿ ಮುಟ್ಟುತ್ತದೆ ನೋಡಿ
"ಹದಿನೆಂಟು" ಎಂದು ಬರೆದುಕೊಂಡ.
ಅವಳಿಗೆ ಹದಿಮೂರು ನಡೆಯುತ್ತಿತ್ತು.
ಹಿಂದಿನಿಂದ ಇಣುಕಿದ ನನಗೆ, "ನೀ ಹಾಲು ಕುಡಿದು ಬಾ."

ಸಾಲು ಹಿಂದಿನಿಂದ ಒಬ್ಬರಷ್ಟು ಮೋಟಾಯಿತು.
ಒಂದು ವಾರ ಮಾಸ್ತರರು ಹಾಜರಿ ಕೂಗುವಾಗ
ಎಲ್ಲರ ತಲೆಯ ಮೇಲಿಂದ ನೋಡಿದರು.
ಆಮೇಲೆ ನೋಡಲಿಲ್ಲ.

ನಾನು ಬೆಳೆದದ್ದು ಹದಿನೇಳಕ್ಕೆ,
ಸಾಲೇ ಇಲ್ಲದ ಕಡೆ, ಒಂದೇ ವರ್ಷ ಐದು ಇಂಚು.
ರಾತ್ರಿ ಮೊಣಕಾಲು ಕುಟ್ಟಿದಂತೆ ನೋವು.
ಅವಳಿಗೂ ಹೀಗೇ ನೋಯುತ್ತಿತ್ತೇ?
ಕೇಳಿರಲಿಲ್ಲ.

ಈಗ ಬೈನಾದಲ್ಲಿ ನನ್ನದೊಂದು ಹೊಲಿಗೆ ಮಷೀನು.
ಜೂನ್ ಬಂತೆಂದರೆ ಅವ್ವಂದಿರು ಮಕ್ಕಳನ್ನು ನಿಲ್ಲಿಸಿ
"ನಾಲ್ಕು ಬೆರಳು ಒಳಗೆ ಬಿಡ್ರಿ" ಅನ್ನುತ್ತಾರೆ.
ಬಿಡುತ್ತೇನೆ.
ಹುಡುಗಿಯರ ಲಂಗಕ್ಕೆ, ಕೇಳದಿದ್ದರೂ, ಆರು.
ಹೊಲಿಗೆ ಸಡಿಲ, ಹಲ್ಲಿನಿಂದ ಎಳೆದರೂ ಬಿಚ್ಚಬೇಕು.
ಆ ಪಟ್ಟಿ ಬೀಳದ ಹಾಗೆ ಮಾಡುವುದು ಮಾತ್ರ
ಈ ಕೈಗೆ ಇನ್ನೂ ಬಂದಿಲ್ಲ.